ಕಪ್ಪು ಪಟ್ಟಿಯ ಕೆಳಗಿನ ಹೆಸರು

ಏಳು ಕಡಲು ದಾಟಬೇಕಾಗಿಲ್ಲ, ಎರಡು ಬಸ್ಸು ಬದಲಾಯಿಸಿದರೆ ಸಾಕು, ಅಲ್ಲೊಂದು ಊರು. ಆ ಊರಿಗೊಂದು ಅಂಗಿ ಹೊಲಿಯುವ ಕಾರ್ಖಾನೆ. ಆ ಕಾರ್ಖಾನೆಗೊಂದು ಗಾಜಿನ ಕಚೇರಿ. ಆ ಗಾಜಿನ ಕಚೇರಿಯಲ್ಲಿ ರಾಜಕುಮಾರಿಯೇನೂ ಇರಲಿಲ್ಲ, ಟೈಪು ಮಾಡುವ ಒಬ್ಬಳು ಹುಡುಗಿ ಇದ್ದಳು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕಥೆ ಕೇಳುತ್ತಲೇ ಬೆಳೆದವಳು. ಹಾಗಾಗಿ ಕಣ್ಣು ಕಂಪ್ಯೂಟರಿನ ಪರದೆ ಮೇಲಿದ್ದರೂ ಮನಸ್ಸು ಯಾವುದೋ ಏಳು ಸುತ್ತಿನ ಕೋಟೆಯ ಸುತ್ತ ಅಲೆಯುತ್ತಿತ್ತು.

ರಜೆ ಚೀಟಿಯಿರಲಿ, ಪಾಳಿ ಪಟ್ಟಿಯಿರಲಿ, ಸಾಹೇಬರ ಸುತ್ತೋಲೆಯಿರಲಿ, ಅವಳ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಪಿಡಿಎಫ್ ಮಾಡಿ ಕಳಿಸ್ತೀನಿ." ಕೇಳಿ ಕೇಳಿ ಸಾಕಾದ ಹೊಲಿಗೆಯವರು ಅವಳಿಗೆ ಪಿಡಿಎಫ್ಫಮ್ಮ ಅಂತಲೇ ಹೆಸರಿಟ್ಟಿದ್ದರು.

"ಅದೇನೇ ಅದು, ಬೆಳಗಾಗೆದ್ದರೆ ಪಿಡಿಎಫ್ಫು ಪಿಡಿಎಫ್ಫು ಅಂತೀಯಲ್ಲ?" ಎಂದು ಒಮ್ಮೆ ಗುಂಡಿಯಕ್ಕ ಕೇಳಿದ್ದಳು. ಅಂಗಿಗಳಿಗೆ ಗುಂಡಿ ಹಾಕುವ ಮೇಜಿನಲ್ಲಿ ಹದಿನಾಲ್ಕು ವರ್ಷ ಕೂತವಳಾದ್ದರಿಂದ ಅವಳು ಗುಂಡಿಯಕ್ಕ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

"ಅದು ಕಾಗದವೇ ಅಕ್ಕ. ಆದ್ರೆ ಕಲ್ಲಿನಲ್ಲಿ ಕೆತ್ತಿದ ಕಾಗದ. ನನ್ನ ಕಂಪ್ಯೂಟರಲ್ಲಿ ಹೇಗಿದೆಯೋ ನಿಮ್ಮ ಫೋನಲ್ಲೂ ಹಾಗೇ ಕಾಣುತ್ತೆ. ಒಂದು ಸಾಲು ಜಾರಲ್ಲ, ಒಂದು ಅಕ್ಷರ ಅಲುಗಲ್ಲ. ಯಾರು ಬಂದ್ರೂ ಬದಲಾಯಿಸೋಕಾಗಲ್ಲ."

"ಹಾಗಾದ್ರೆ ನಮ್ಮತ್ತೆ ಬಾಯಿಂದ ಬಂದ ಮಾತು ಅನ್ನು," ಎಂದು ಗುಂಡಿಯಕ್ಕ ನಕ್ಕಿದ್ದಳು.

ಹುಡುಗಿಯೂ ನಕ್ಕಿದ್ದಳು. ಅವಳು ನಿಜವಾಗಿಯೂ ಹಾಗೇ ನಂಬಿದ್ದಳು, ಅದೇ ತಾಪತ್ರಯ.

ಕಾರ್ಖಾನೆಯ ಇಸ್ತ್ರಿ ಹಾಲಿಗೆ ಒಂದು ಹಿಂಬಾಗಿಲಿತ್ತು. ಹೆಂಗಸರು ಗಾಳಿಗೆಂದು ಹೊರಗೆ ಹೋಗಿ ಹೊತ್ತು ಕಳೆಯುತ್ತಾರೆ ಅಂತ ಮೇಲ್ವಿಚಾರಕ ಅದಕ್ಕೆ ಬೀಗ ಜಡಿಯುತ್ತಿದ್ದ. ಸೊಂಟದಲ್ಲಿ ಸದಾ ಕೀಲಿಗೊಂಚಲು ಝಣಗುಟ್ಟುತ್ತಿದ್ದ ಅವನನ್ನು ಎಲ್ಲರೂ ಹಿಂದಿನಿಂದ ಬೀಗದಣ್ಣ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಅಲ್ಲಿ ಹಬೆಯ ಕೊಳವೆ ಒಡೆಯಿತು. ಇಡೀ ಹಾಲಿನ ತುಂಬಾ ಬಿಳಿ ಹಬೆ. ಬಾಗಿಲು ತೆಗೆಯಲಾಗದೆ ಇಬ್ಬರು ಪ್ರಜ್ಞೆ ತಪ್ಪಿ ಬಿದ್ದರು. ಜೀವ ಉಳಿಯಿತು, ಪುಣ್ಯ. ಆ ಇಬ್ಬರಲ್ಲಿ ಒಬ್ಬಳು ಗುಂಡಿಯಕ್ಕನ ನಾದಿನಿ, ಗಂಡನ ತಂಗಿ. ಒಂದೇ ಮನೆ, ಒಂದೇ ಒಲೆ, ಒಂದೇ ಬಾಚಣಿಗೆ ಅನ್ನುವಂಥ ಅತ್ತಿಗೆ ನಾದಿನಿಯರು ಅವರು.

ವಿಚಾರಣೆಗೆ ಕಾರ್ಖಾನೆಯ ಡಾಕ್ಟರಮ್ಮ ಕೂತರು. ಬೀಗದಣ್ಣ, "ಬಾಗಿಲು ತೆಗೆದೇ ಇತ್ತು," ಅಂದ. ಬಿದ್ದವರಿಬ್ಬರಿಗೂ ಬಿಳಿ ಹಬೆ ಬಿಟ್ಟು ಬೇರೇನೂ ನೆನಪಿರಲಿಲ್ಲ. ಉಳಿದವರನ್ನು ಕೇಳಿದರೆ ಒಬ್ಬೊಬ್ಬರೂ ನೆಲ ನೋಡಿದರು. ಗುಂಡಿಯಕ್ಕ ಒಬ್ಬಳೇ ಬಂದು, "ಬೀಗ ಹಾಕಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಕೂಗಿಕೊಂಡಾಗ ಕೀಲಿ ಅವನ ಸೊಂಟದಲ್ಲಿತ್ತು, ಅವನು ಗೇಟಿನ ಹತ್ತಿರ ಟೀ ಕುಡೀತಿದ್ದ," ಅಂದಳು. ಹೇಳಿ ಮುಗಿಸಿದ ಮೇಲೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. "ನನ್ನ ಹೆಸರು ಹೊರಗೆ ಬರಬಾರದು ತಾಯಿ. ನಾನು ಇಲ್ಲೇ ಅನ್ನ ತಿನ್ನಬೇಕು."

ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಹುಡುಗಿಗೆ ಡಾಕ್ಟರಮ್ಮ ಹೇಳಿದರು: "ವರದಿ ಐದು ಜನಕ್ಕೆ ಹೋಗುತ್ತೆ. ಉತ್ತರ ಕೊಡೋಕೆ ಅವನಿಗೂ ಒಂದು ಪ್ರತಿ ಕೊಡಲೇಬೇಕು. ಹೆಸರು ಮುಚ್ಚಿ ಕಳಿಸು."

ಹುಡುಗಿ ಗುಂಡಿಯಕ್ಕನ ಕೈ ಹಿಡಿದು, "ನಿಮ್ಮ ಹೆಸರು ನೊಣದ ಕಣ್ಣಿಗೂ ಬೀಳಲ್ಲ ಅಕ್ಕ, ನಾನಿದ್ದೀನಲ್ಲ," ಅಂದಳು.

ಹೆಸರು ಹನ್ನೊಂದು ಕಡೆ ಬಂದಿತ್ತು. ಹುಡುಗಿ ಹನ್ನೊಂದರ ಮೇಲೂ ಕಪ್ಪು ಪಟ್ಟಿ ಎಳೆದಳು. ಅಂಚು ಆಚೀಚೆ ಆಗದ ಹಾಗೆ, ಮಗುವಿನ ಕಣ್ಣಿಗೆ ಕಾಡಿಗೆ ತೀಡಿದಷ್ಟು ಜೋಪಾನವಾಗಿ. ಆಮೇಲೆ ಪಿಡಿಎಫ್ ಮಾಡಿದಳು. ಕಲ್ಲಾಯಿತು ಅಂದುಕೊಂಡು ಕಳಿಸಿದಳು.

ಮೂರನೆಯ ದಿನ ಬೀಗದಣ್ಣ ಗಾಜಿನ ಕಿಟಕಿಗೆ ಮೊಣಕೈ ಊರಿ ನಿಂತ.

"ಏನಮ್ಮ ಪಿಡಿಎಫ್ಫಮ್ಮ, ಬಲು ಚೆನ್ನಾಗಿ ಮಸಿ ಬಳಿದಿದ್ದೀಯ."

"ಸರ್?"

"ಕಣ್ಣಿಗೆ ಬಳಿದೆ, ಕಿವಿಗೆ ಬಳಿಯೋದು ಮರೆತೆ. ನನಗೆ ಹತ್ತಿರದ್ದು ಕಾಣಲ್ಲ, ಕನ್ನಡಕ ಹಾಕೋಕೆ ಬೇಜಾರು. ಏನು ಬಂದ್ರೂ ಫೋನಿಗೆ ಓದಿ ಹೇಳು ಅಂತೀನಿ. ಪಾಪ, ಫೋನಿಗೆ ನಿನ್ನ ಮಸಿ ಕಾಣಲ್ಲವಂತೆ." ಕೀಲಿಗೊಂಚಲನ್ನು ಒಮ್ಮೆ ಝಣಗುಟ್ಟಿಸಿ ಹೊರಟುಹೋದ.

ಹುಡುಗಿ ಬಾಗಿಲು ಹಾಕಿಕೊಂಡು ತನ್ನ ಫೋನಿನಲ್ಲಿ ಅದೇ ವರದಿ ತೆರೆದಳು. ಓದಿ ಹೇಳು ಅಂದಳು. ಯಾವ ಅವಸರವೂ ಇಲ್ಲದ ಹೆಣ್ಣುದನಿಯೊಂದು ಓದತೊಡಗಿತು. ಮೊದಲ ಪುಟ, ದಿನಾಂಕ, ಸ್ಥಳ. ಎರಡನೆಯ ಪುಟದ ನಾಲ್ಕನೆಯ ಸಾಲು, ಕಪ್ಪು ಪಟ್ಟಿ ಇದ್ದ ಜಾಗ. ಅಲ್ಲಿ ಆ ದನಿ ತಡವರಿಸಲಿಲ್ಲ, ಕೆಮ್ಮಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವ ಮೇಡಂ ಹಾಗೆ ಗುಂಡಿಯಕ್ಕನ ಹೆಸರನ್ನು, ಅವಳ ಅಪ್ಪನ ಹೆಸರನ್ನೂ ಸೇರಿಸಿ, ಪೂರ್ತಿಯಾಗಿ ಓದಿ ಮುಂದಕ್ಕೆ ಹೋಯಿತು.

ಹುಡುಗಿ ಅದೇ ಸಾಲನ್ನು ಇನ್ನೊಮ್ಮೆ ಓದಿಸಿದಳು. ಮತ್ತೆ ಅದೇ ಹೆಸರು.

ಅವತ್ತು ಊಟದ ಬಿಡುವಿನಲ್ಲಿ ಅವಳು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಓಡಿದಳು. ಅಂಗಡಿಯ ಮಾವ ಮೂವತ್ತು ವರ್ಷದಿಂದ ಕಾಗದದ ಜೊತೆ ಸಂಸಾರ ಮಾಡಿದವನು. ಬೇರೆ ಯಾರದೋ ವರದಿ ಅನ್ನುವ ಹಾಗೆ ಅವನಿಗೆ ತೋರಿಸಿದಳು. ಅವನು ಮೌಸ್ ಹಿಡಿದು ಕಪ್ಪು ಪಟ್ಟಿಯ ಮೇಲೆ ಎಳೆದ, ನಕಲು ಮಾಡಿದ, ಖಾಲಿ ಪುಟದಲ್ಲಿ ಅಂಟಿಸಿದ. ಹೆಸರು ಬಂದು ಕೂತಿತು. ಒಂದೆರಡು ಒತ್ತಕ್ಷರ ಜಾಗ ತಪ್ಪಿ ಪಕ್ಕದವರ ಹೆಗಲೇರಿದ್ದವು, ಆದರೂ ಯಾರ ಹೆಸರು ಅಂತ ಹಾಲುಗಲ್ಲದ ಮಗುವೂ ಹೇಳಬಹುದಾಗಿತ್ತು.

"ಯಾರಪ್ಪಾ ಈ ಜಾಣ?" ಎಂದ ಮಾವ.

"ಯಾರೋ. ಅದು ಹೇಗೆ ಮಾವ? ಪಿಡಿಎಫ್ ಅಂದ್ರೆ ಫೋಟೋ ಇದ್ದ ಹಾಗಲ್ವಾ?"

"ಎಲ್ಲರೂ ಹಾಗೇ ಅಂದ್ಕೋತಾರೆ. ಸ್ಕ್ಯಾನ್ ಮಾಡಿದ್ದಾದ್ರೆ ಹೌದು, ಫೋಟೋನೇ. ಹೀಗೆ ಟೈಪು ಮಾಡಿ ಮಾಡಿದ್ದು ಫೋಟೋ ಅಲ್ಲಮ್ಮ, ಅಪ್ಪಣೆಗಳ ಪಟ್ಟಿ. ಈ ಅಕ್ಷರ ಈ ಜಾಗದಲ್ಲಿಡು, ಈ ಗೆರೆ ಇಲ್ಲಿಂದ ಅಲ್ಲಿಗೆಳಿ, ಈ ಚೌಕದಲ್ಲಿ ಕಪ್ಪು ತುಂಬು. ಅಕ್ಷರದ ಅಚ್ಚುಗಳನ್ನೂ ಬುತ್ತಿ ಥರ ಕಟ್ಕೊಂಡು ಹೋಗುತ್ತೆ, ಅದಕ್ಕೇ ಯಾರ ಮನೇಲಿ ಗಂಟು ಬಿಚ್ಚಿದ್ರೂ ಒಂದೇ ಥರ ಕಾಣೋದು. ಪರದೆ ಏನು ಮಾಡುತ್ತೆ? ಹೊಸ ಸೊಸೆ ಥರ ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡ್ತಾ ಹೋಗುತ್ತೆ. ಮೊದಲು ಹೆಸರು ಬರೆಯುತ್ತೆ, ಆಮೇಲೆ ಅದರ ಮೇಲೆ ಕಪ್ಪು ಬಳಿಯುತ್ತೆ. ನಿನ್ನ ಜಾಣ ಹೊಸ ಅಪ್ಪಣೆ ಸೇರಿಸಿದ್ದಾನೆ, ಹಳೇ ಅಪ್ಪಣೆ ತೆಗೆದಿಲ್ಲ. ಓದಿ ಹೇಳೋ ಫೋನಿಗೆ ಬಣ್ಣ ಯಾಕೆ ಬೇಕು? ಅದು ಅಕ್ಷರ ಹುಡುಕ್ಕೊಂಡು ಹೋಗುತ್ತೆ."

"ತೆಗೆಯೋದು ಹೇಗೆ?"

"ಮೂಲ ಕಡತದಲ್ಲೇ ಹೆಸರು ಅಳಿಸಿ, ಅಲ್ಲಿ 'ಒಂದನೇ ಸಾಕ್ಷಿ' ಅಂತ ಬರೆದು, ಹೊಸದಾಗಿ ಪಿಡಿಎಫ್ ಮಾಡ್ಬೇಕಿತ್ತು. ಐದು ನಿಮಿಷದ ಕೆಲಸ."

ಐದು ನಿಮಿಷ. ಕಪ್ಪು ಪಟ್ಟಿಗಳನ್ನು ಅಂದವಾಗಿ ಎಳೆಯಲು ಅವಳು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದಳು.

ಮಧ್ಯಾಹ್ನವೇ ಅವಳು ಹೊಸ ಪ್ರತಿ ಮಾಡಿ ಐವರಿಗೂ ಕಳಿಸಿದಳು. "ಸಣ್ಣ ತಿದ್ದುಪಡಿ ಇದೆ, ಹಳೆಯದನ್ನು ಅಳಿಸಿಬಿಡಿ" ಅಂತ ಮೇಲೊಂದು ಸಾಲು. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ. ಏನು ತಿದ್ದುಪಡಿ ಅಂತ ಡಾಕ್ಟರಮ್ಮ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಅನ್ನುವುದು ಅವಳ ಮೊದಲ ಹೆದರಿಕೆ. ಗುಂಡಿಯಕ್ಕ ಮತ್ತೆಂದೂ ತನ್ನನ್ನು 'ಏನೇ' ಅನ್ನುವುದಿಲ್ಲ ಅನ್ನುವುದು ಎರಡನೆಯದು. ಯಾವುದು ಹೆಚ್ಚು ಅಂತ ಅವಳು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ.

ವಾರ ಕಳೆಯುವುದರೊಳಗೆ ಗುಂಡಿ ಹಾಕುವ ಮೇಜು ಕಿಟಕಿಯ ಪಕ್ಕದಿಂದ ಎದ್ದು ಕೊಳವೆಗಳ ಕೆಳಗಿನ ಮಬ್ಬು ಮೂಲೆಗೆ ಹೋಯಿತು. "ಜಾಗ ಸಾಲದು," ಅಂದ ಬೀಗದಣ್ಣ. ಅವನ ಮೇಲಿನ ತೀರ್ಮಾನ ಇನ್ನೂ ಬಂದಿರಲಿಲ್ಲ, ಅಲ್ಲಿಯವರೆಗೆ ಹಾಲಿನ ಉಸ್ತುವಾರಿ ಅವನದೇ. ಗುಂಡಿಯಕ್ಕನಿಗೆ ದಾರದ ಉಂಡೆ ಎಲ್ಲರಿಗಿಂತ ತಡವಾಗಿ ಬರತೊಡಗಿತು. ಊಟದ ಬೆಂಚಿನಲ್ಲಿ ಅವಳು ಕೂತರೆ ಅಕ್ಕಪಕ್ಕದವರಿಗೆ ಇದ್ದಕ್ಕಿದ್ದಂತೆ ಕೈ ತೊಳೆಯುವ ಕೆಲಸ ನೆನಪಾಗುತ್ತಿತ್ತು.

ಗುಂಡಿಯಕ್ಕ ಇದನ್ನೆಲ್ಲ ನುಂಗಿಕೊಂಡಳು. ನುಂಗಲಾಗದ್ದು ಒಂದೇ: ಹೇಳಿದವರು ಯಾರು? ಸಾಕ್ಷಿ ಹೇಳುವ ವಿಷಯ ಅವಳು ಮನೆಯಲ್ಲಿ ತಿಳಿಸಿದ್ದು ನಾದಿನಿಗೆ ಮಾತ್ರ. ಆ ನಾದಿನಿಯ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಅಂತ ಬೀದಿಗೆಲ್ಲ ಗೊತ್ತು. ನಾದಿನಿ ಆಣೆ ಇಟ್ಟಳು, ಅತ್ತಳು, ಕೊನೆಗೆ ಜಗಳವಾಡಿದಳು. ಯಾರಿಗಾಗಿ ಬಾಯಿ ಬಿಟ್ಟೆನೋ ಅವಳೇ ನನ್ನ ಕತ್ತು ಕೊಯ್ದಳು ಅಂತ ಗುಂಡಿಯಕ್ಕ ಮಾತು ಬಿಟ್ಟಳು. ಒಂದೇ ಒಲೆಯಿದ್ದ ಮನೆಯಲ್ಲಿ ಎರಡು ಒಲೆ ಉರಿದವು.

ಒಂದು ದಿನ ಗುಂಡಿಯಕ್ಕ ತಾನಾಗಿಯೇ ಗಾಜಿನ ಕಚೇರಿಗೆ ಬಂದಳು. ಹುಡುಗಿಯ ತೋಳಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು.

"ತೋಳು ಕೊಡೇ ಇಲ್ಲಿ. ಅಂಗಿ ಕಾರ್ಖಾನೇಲಿ ಕೆಲಸ ಮಾಡ್ತೀನಿ ಅಂತ ಹೇಳ್ಕೋಬೇಡ ಯಾರ ಹತ್ತಿರಾನೂ." ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಹೊಲಿಯತೊಡಗಿದಳು. "ನೋಡು, ನೀನು ಓದಿದೋಳು. ನಾಲ್ಕು ಜನ ಬಂದು ಹೋಗೋ ಜಾಗದಲ್ಲಿ ಕೂತಿರ್ತೀಯ. ನನ್ನ ಹೆಸರು ಯಾರು ಹೇಳಿದ್ದು ಅಂತ ಪತ್ತೆ ಮಾಡಿಕೊಡು."

ಸೂಜಿ ಮಣಿಕಟ್ಟಿನ ಹತ್ತಿರ ಮೇಲೆ ಕೆಳಗೆ ಆಡುತ್ತಿತ್ತು, ಒಮ್ಮೆಯೂ ಚರ್ಮಕ್ಕೆ ತಾಕಲಿಲ್ಲ.

"ಅವಳೇ ಅಂತ ನಂಗೊತ್ತು. ಆದ್ರೂ ಒಂದೊಂದ್ಸಲ ಒಗ್ಗರಣೆ ಹಾಕ್ತಾ ಇರ್ತೀನಿ, ಮನಸ್ಸು ಅಲ್ಲ ಕಣೇ ಅನ್ನುತ್ತೆ. ನೀನು ಹೇಳಿದ್ರೆ ನಂಬ್ತೀನಿ. ಸುಮ್ನೆ ನನ್ನ ಕಿವೀಲಿ ಊದಬೇಡ, ಅವಳನ್ನ ಎದುರಿಗೆ ನಿಲ್ಲಿಸ್ಕೊಂಡು ಹೇಳು. ಮಾತು ಕೊಡು."

ದಾರ ಹಲ್ಲಿನಲ್ಲಿ ಕಡಿದು ಗುಂಡಿಯಕ್ಕ ತಲೆಯೆತ್ತಿದಳು. ಆ ಕಣ್ಣಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅನುಮಾನವಿದ್ದಿದ್ದರೆ ಹುಡುಗಿ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದಳೇನೋ.

"ಕೊಟ್ಟೆ ಅಕ್ಕ," ಅಂದಳು.

ಆಮೇಲಿನ ದಿನಗಳಲ್ಲಿ ಅವಳು ಹಾಲಿನ ಬಾಗಿಲು ಬಿಟ್ಟು ಗೋದಾಮಿನ ದಾರಿಯಲ್ಲಿ ಸುತ್ತುಹಾಕಿ ಬಂದಳು. ಗುಂಡಿಯಕ್ಕ ಎದುರು ಬಂದರೆ ಫೋನು ಕಿವಿಗಿಟ್ಟುಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ "ಹ್ಞಾಂ, ಹ್ಞಾಂ" ಅಂದಳು. "ಏನಾದ್ರೂ ಗೊತ್ತಾಯ್ತಾ?" ಎಂದರೆ "ನೋಡ್ತಾ ಇದ್ದೀನಿ ಅಕ್ಕ." ಕಳ್ಳನ ಕೈಗೇ ಕಂದೀಲು ಕೊಟ್ಟು ಕಳ್ಳನನ್ನು ಹುಡುಕು ಅಂದ ಹಾಗಾಗಿತ್ತು. ಎಷ್ಟು ಹುಡುಕಿದರೂ ಬೆಳಕು ಬೀಳುತ್ತಿದ್ದುದು ಅವಳ ಕಾಲ ಬುಡಕ್ಕೇ.

ಮನೆಯಲ್ಲಿ ಅಜ್ಜಿಗೆ ಅವಳ ಮುಖ ನೋಡಿಯೇ ತಿಳಿದಿತ್ತು. ಸಂಜೆ ಬಟಾಣಿ ಬಿಡಿಸುತ್ತ ಕೂತವಳು, "ಏನೇ, ಹರಳೆಣ್ಣೆ ಕುಡಿದೋರ ಥರ ಓಡಾಡ್ತಿದ್ದೀಯ?" ಎಂದಳು.

ಹುಡುಗಿಗೆ ನೇರ ಹೇಳಲು ಬಾಯಿ ಬರಲಿಲ್ಲ. ಕಥೆ ಮಾಡಿ ಹೇಳಿದಳು. "ಒಂದು ರಾಜ್ಯ ಅಜ್ಜಿ. ಅಲ್ಲೊಬ್ಬಳು ಓಲೆ ಬರೆಯೋಳು. ಗುಟ್ಟಿನ ಓಲೆಯೊಂದನ್ನ ಸರಿಯಾಗಿ ಮುಚ್ಚದೆ ಕಳಿಸಿಬಿಟ್ಟಳು. ಅದರಿಂದ ಅತ್ತಿಗೆ ನಾದಿನಿ ಬೇರೆ ಬೇರೆ ಆದ್ರು. ಅತ್ತಿಗೆ ಬಂದು, ತಪ್ಪು ಯಾರದು ಕಂಡುಹಿಡಿ ಅಂತ ಆ ಓಲೆಯೋಳಿಗೇ ಹೇಳಿದ್ಲು."

"ಹೂಂ."

"ಅಷ್ಟೇ."

"ಅಷ್ಟೇ ಅಂದ್ರೆ? ಆ ನಾದಿನಿ ಏನಾದ್ಲು?"

"ಗೊತ್ತಿಲ್ಲ ಅಜ್ಜಿ."

"ಎಲ್ಲಾ ಆ ಓಲೆಯೋಳ ಸುತ್ತಲೇ ಗಿರಕಿ ಹೊಡೀತಿದ್ದೀಯಲ್ಲೇ! ಅವಳಿಗೆ ದುಃಖವಂತೆ, ಅವಳಿಗೆ ಹೆದರಿಕೆಯಂತೆ. ಏನೂ ತಪ್ಪು ಮಾಡ್ದೆ ಒದೆ ತಿಂತಿರೋಳು ನಾದಿನಿ. ಮೊದ್ಲು ಅವಳು ಏನಾದ್ಲು ಅಂತ ತಿಳ್ಕೊಂಡು ಬಾ. ಆಮೇಲೆ ನನಗೆ ಕಥೆ ಹೇಳು." ಅಜ್ಜಿ ಬಟಾಣಿ ಸಿಪ್ಪೆಯನ್ನು ಅವಳ ಮಡಿಲಿಗೇ ಸುರಿದು ಒಳಗೆ ಹೋದಳು.

ತಿಳಿದುಕೊಳ್ಳಲು ಅವಳು ಹೋಗಬೇಕಾಗಲಿಲ್ಲ. ಮರುದಿನ ಊಟದ ಗಂಟೆಗೆ ಸ್ವಲ್ಪ ಮುಂಚೆ ನಾದಿನಿಯೇ ಗಾಜಿನ ಬಾಗಿಲು ತಳ್ಳಿಕೊಂಡು ಬಂದಳು. ಯಾವಾಗಲೂ ಬಾಗಿಲಿಗಿಂತ ಮೊದಲು ಅವಳ ಮಾತು ಒಳಗೆ ಬರುತ್ತಿತ್ತು. ಇವತ್ತು ಸದ್ದಿಲ್ಲ.

"ಪಿಡಿಎಫ್ಫಮ್ಮ, ನನಗೊಂದು ಕೆಲಸ ಬಿಡೋ ಪತ್ರ ಹೊಡೆದುಕೊಡು. ಸಾಹೇಬರಿಗೆ ಇವತ್ತೇ ಕಳಿಸಿಬಿಡು."

"ಯಾಕೆ?"

"ಮನೆ ಕಾರಣ ಅಂತ ಹಾಕು. ಎಲ್ರೂ ಅದನ್ನೇ ತಾನೇ ಹಾಕೋದು."

"ನಿಜವಾದ ಕಾರಣ?"

ನಾದಿನಿ ಕುರ್ಚಿಯ ತುದಿಯಲ್ಲಿ ಕೂತಳು. ಇಸ್ತ್ರಿಯ ಬಿಸಿಗೆ ಸುಟ್ಟ ಹಳೆಯ ಕಲೆಯೊಂದನ್ನು ಬೆರಳಿಂದ ಉಜ್ಜುತ್ತ ಹೇಳಿದಳು: "ಮನೇಲಿ ಮಾತಿಲ್ಲದೆ ಇರಬಹುದು, ಗೋಡೆ ಇದೆ. ಇಲ್ಲಿ ಗೋಡೆ ಇಲ್ವಲ್ಲ. ಅತ್ತಿಗೆ ಆ ಕತ್ತಲೆ ಮೂಲೇಲಿ ಕಣ್ಣು ಚಿಕ್ಕದು ಮಾಡ್ಕೊಂಡು ಸೂಜಿಗೆ ದಾರ ಪೋಣಿಸ್ತಾ ಇರ್ತಾಳೆ. ನಾನು ಪೋಣಿಸಿಕೊಡ್ತೀನಿ ಅಂತ ಹೋದ್ರೆ ಸೂಜಿ ಕೆಳಗಿಟ್ಟು ಕೈ ಕಟ್ಕೋತಾಳೆ. ನನ್ನ ಬಾಯಿ ದೊಡ್ಡದು, ಒಪ್ಕೋತೀನಿ. ಈಗೀಗ ನನಗೇ ಅನುಮಾನ ಬರ್ತಿದೆ ಕಣೇ, ನಿದ್ದೇಲಿ ಗಿದ್ದೇಲಿ ಯಾರಿಗಾದ್ರೂ ಹೇಳಿಬಿಟ್ನೇನೋ ಅಂತ."

ಹುಡುಗಿ ಟೈಪು ಮಾಡಿದಳು. ಬೆರಳು ಅಭ್ಯಾಸದಿಂದ ಓಡಿದವು: ಮಾನ್ಯರೇ, ಮನೆಯ ಕಾರಣಗಳಿಂದಾಗಿ. ನಾದಿನಿಯ ಪೂರ್ತಿ ಹೆಸರು ಕೆಳಗೆ. ಪಿಡಿಎಫ್ ಆಯಿತು. ಪ್ರತಿ ಅಕ್ಷರವೂ ಹೇಳಿದ ಜಾಗದಲ್ಲಿ ತಪ್ಪದೆ ಕೂತಿತ್ತು. ಕಳಿಸು ಅನ್ನುವ ಗುಂಡಿಯ ಮೇಲೆ ಬಾಣದ ಗುರುತು ನಿಂತಿತು. ಒತ್ತಿದರೆ ಮುಗಿಯಿತು. ತನ್ನನ್ನು ಮುಂದೆ ಯಾರೂ ಏನೂ ಕೇಳುವುದಿಲ್ಲ, ಹೊರಟುಹೋದವಳೇ ತಪ್ಪಿತಸ್ಥೆ ಅಂತ ಊರು ತಾನಾಗಿಯೇ ತೀರ್ಮಾನ ಮಾಡಿಕೊಳ್ಳುತ್ತದೆ. ಎಷ್ಟು ಸಲೀಸು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಎದ್ದಳು. "ಬನ್ನಿ ನನ್ನ ಜೊತೆ."

"ಎಲ್ಲಿಗೆ? ಸಹಿ ಹಾಕ್ಬೇಕಾ?"

"ಬನ್ನಿ ಅಂದ್ನಲ್ಲ."

ಹಾಲಿನಲ್ಲಿ ಯಂತ್ರಗಳು ಆಗಷ್ಟೇ ನಿಂತಿದ್ದವು. ಎಲ್ಲರೂ ಊಟಕ್ಕೆ ಹೋಗಿದ್ದರು. ಕೊಳವೆಗಳ ಕೆಳಗೆ ಗುಂಡಿಯಕ್ಕ ಒಬ್ಬಳೇ ಡಬ್ಬಿ ಮುಚ್ಚಳದಲ್ಲಿ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಬರುತ್ತಿದ್ದ ಇಬ್ಬರನ್ನೂ ನೋಡಿ ಮುಖ ಬಿಗಿಯಿತು.

"ಇವಳನ್ನ ಯಾಕೆ ಕರ್ಕೊಂಡು ಬಂದೆ?"

"ಎದುರಿಗೆ ನಿಲ್ಲಿಸ್ಕೊಂಡು ಹೇಳು ಅಂದಿದ್ರಲ್ಲ ಅಕ್ಕ. ಮಾತು ಕೊಟ್ಟಿದ್ನಲ್ಲ."

ನಾದಿನಿ, ಹುಡುಗಿ ಹಿಡಿದಿದ್ದ ತನ್ನ ಮುಂಗೈಯನ್ನು ಜಗ್ಗಿದಳು. "ಓಹೋ! ಇದಕ್ಕಾ ಎಳ್ಕೊಂಡು ಬಂದಿದ್ದು? ನೀನೂ ಅವಳ ಕಡೆ ಸೇರ್ಕೊಂಡ್ಯಾ?" ಎಂದು ಹಿಂದಕ್ಕೆ ತಿರುಗಿದಳು. ಹುಡುಗಿ ಅವಳ ಮುಂಗೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಫೋನು ತೆಗೆದು ಹಳೆಯ ವರದಿಯನ್ನು ತೆರೆದು, ಗುಂಡಿಯಕ್ಕನ ಮುಂದಿಟ್ಟಳು.

"ಇದು ಬೀಗದಣ್ಣನಿಗೆ ಹೋದ ವರದಿ. ನೋಡಿ, ನಿಮ್ಮ ಹೆಸರಿದ್ದ ಜಾಗ ಇದು, ಕಪ್ಪಗಿದೆ. ಈಗ ಕೇಳಿ."

ಫೋನು ಓದಿತು. ಹೆಸರು ಬಂತು. ಅಪ್ಪನ ಹೆಸರಿನ ಸಮೇತ.

ಗುಂಡಿಯಕ್ಕನ ಕೈಯಲ್ಲಿದ್ದ ಗುಂಡಿ ಹಾಗೇ ನಿಂತಿತು. "ಇದೇನಿದು? ಕಾಣದ್ದನ್ನ ಇದು ಹೇಗೆ ಓದ್ತು?"

"ಅದು ಏನಾಗುತ್ತೆ ಅಂದ್ರೆ ಅಕ್ಕ, ಕಂಪ್ಯೂಟರಲ್ಲಿ, ಈ ಪಿಡಿಎಫ್ ಇದೆಯಲ್ಲ, ಅದರಲ್ಲಿ ಅಕ್ಷರ ಒಂದು ಅಪ್ಪಣೆ, ಕಪ್ಪು ಬಣ್ಣ ಇನ್ನೊಂದು ಅಪ್ಪಣೆ. ಬಣ್ಣ ಮೇಲೆ ಬಂದ್ರೂ ಅಕ್ಷರ ಕೆಳಗೇ ಉಳ್ಕೊಂಡಿರುತ್ತೆ. ಕಣ್ಣಿಗೆ ಕಾಣಲ್ಲ, ಫೋನಿಗೆ ಸಿಗುತ್ತೆ. ಅವನು ಫೋನಿಂದ ಓದಿಸ್ಕೊಂಡ." ಮಾತು ಸಲೀಸಾಗಿ ಬರುತ್ತಿತ್ತು. ಯಂತ್ರದ ವಿಷಯ ಹೇಳುವಾಗ ನಾಲಿಗೆ ತೊಡರುತ್ತಲೇ ಇರಲಿಲ್ಲ.

ಗುಂಡಿಯಕ್ಕ ಬಹಳ ಹೊತ್ತು ಆ ಕಪ್ಪು ಪಟ್ಟಿಯನ್ನು ನೋಡಿದಳು. "ಅಂದ್ರೆ ಹಳೇ ಹೊಲಿಗೆ ಬಿಚ್ಚಿಲ್ಲ. ಹಾಗೇ ಮೇಲೊಂದು ತೇಪೆ ಹಾಕಿದ್ದಾರೆ."

"ಹೌದು ಅಕ್ಕ."

"ಯಾರು ಹಾಕಿದ್ದು? ಡಾಕ್ಟರಮ್ಮನಾ?"

ತಪ್ಪಿಸಿಕೊಳ್ಳುವ ದಾರಿಯನ್ನು ಗುಂಡಿಯಕ್ಕನೇ ತೆರೆದು ಹಿಡಿದಿದ್ದಳು. ಹೌದು ಅಂದರೆ ಸಾಕು, ಇವರಿಬ್ಬರೂ ಡಾಕ್ಟರಮ್ಮನ ಬಳಿ ಹೋಗಿ ಕೇಳುವವರಲ್ಲ.

"ಅಲ್ಲ."

"ಮತ್ತೆ? ಕಂಪ್ಯೂಟರಿಗೇನು ಕೈ ಇದ್ಯಾ?"

ಹುಡುಗಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಗುಂಡಿಯಕ್ಕ ಅವಳ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣಿನಲ್ಲಿ ಏನೋ ಒಂದು ನಿಧಾನಕ್ಕೆ ಜಾಗ ಬದಲಾಯಿಸಿತು.

"ನಿನಗೆ ಇದು ಯಾವತ್ತು ಗೊತ್ತಾಯ್ತು?"

"ಹತ್ತೊಂಬತ್ತು ದಿನ ಆಯ್ತು."

"ನನಗೆ ಮಾತು ಕೊಟ್ಟ ದಿನ?"

"ಗೊತ್ತಿತ್ತು."

ನಾದಿನಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು.

ಗುಂಡಿಯಕ್ಕ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದಳು. ಸಿಟ್ಟಿನ ದನಿಯಲ್ಲ, ಆದರೆ 'ಏನೇ' ಅನ್ನುವ ಸಲಿಗೆಯೂ ಅದರಲ್ಲಿ ಇರಲಿಲ್ಲ. "ಕೊಟ್ಟ ಮಾತು ಇನ್ನೂ ಮುಗಿದಿಲ್ಲ. ನನಗಲ್ಲ, ಅವಳ ಕಡೆ ತಿರುಗಿ ಹೇಳಿ."

ಹುಡುಗಿ ಹಿಡಿದಿದ್ದ ಮುಂಗೈ ಬಿಟ್ಟು ನಾದಿನಿಯ ಕಡೆ ತಿರುಗಿದಳು. ಇಷ್ಟು ದಿನ ತಾನು ಈ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸಿತು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಅಕ್ಕನ ಹೆಸರು ಹೊರಗೆ ಬಿಟ್ಟಿದ್ದು ನೀವಲ್ಲ," ಅಂದಳು. "ನಿದ್ದೇಲೂ ಅಲ್ಲ, ಎಚ್ಚರದಲ್ಲೂ ಅಲ್ಲ. ನಾನು. ಗೊತ್ತಾದ ಮೇಲೂ ನಿಮ್ಮ ಮೇಲೆ ಬರಲಿ ಅಂತ ಬಾಯಿ ಮುಚ್ಕೊಂಡಿದ್ದೂ ನಾನೇ."